ಸೀಸಕ್ಕೆ ಹಿಡಿದ ಬೂಷ್ಟು

ಆ ಅರವತ್ತೆರಡು ರಿವಾಲ್ವರುಗಳಲ್ಲಿ ಒಂದರಿಂದಲೂ ದೋಹಾದಲ್ಲಿ ಗುಂಡು ಹಾರಿಲ್ಲ. ಆದರೂ ಅವುಗಳಿಂದ ಒಬ್ಬರು ಸತ್ತಿದ್ದಾರೆ. ಸತ್ತವರು ಅವುಗಳನ್ನು ದೇಶದೇಶಗಳ ಹರಾಜಿನಲ್ಲಿ ಕೊಂಡು ತಂದವರಲ್ಲ. ಗಾಜಿನಾಚೆ ನಿಂತು ಬೆರಗಾಗಿ ನೋಡಿದ ನಾವೂ ಅಲ್ಲ. ಕಿಟಕಿ ಮುಚ್ಚಿದ ಕೋಣೆಯೊಂದರಲ್ಲಿ ಹನ್ನೊಂದು ವರ್ಷ ಕುಳಿತು ಅವುಗಳನ್ನು ತಿಕ್ಕಿ, ಒರೆಸಿ, ಅವುಗಳ ಪೆಟ್ಟಿಗೆಗಳಿಗೆ ಸೀಸದ ಗುಂಡುಗಳನ್ನು ಎರಕ ಹೊಯ್ದುಕೊಟ್ಟ ಕಾರ್ಕಳದ ಕಡೆಯ ಕುಶಲಕರ್ಮಿಯೊಬ್ಬರು ಸತ್ತರು. ಮೊದಲು ಅವರ ಹೊಟ್ಟೆ ಕೆಟ್ಟಿತು, ಆಮೇಲೆ ಬಲಗೈ ಜೋತು ಬಿತ್ತು, ಕೊನೆಗೆ ಮೂತ್ರಪಿಂಡ ನಿಂತಿತು.

ಹೋದ ತಿಂಗಳು ಅವರ ಉತ್ತರಕ್ರಿಯೆ ಮುಗಿದ ಮೂರನೆಯ ದಿನ ಅವರ ಹೆಂಡತಿ ಊರಿನಿಂದ ನನಗೆ ಫೋನು ಮಾಡಿದರು. ಊಟಕ್ಕೆ ಎಷ್ಟು ಜನ ಬಂದಿದ್ದರು, ಯಾರು ಬರಲಿಲ್ಲ ಎಂಬುದನ್ನೆಲ್ಲ ಹೇಳಿ, ಆಮೇಲೆ ಕೇಳಿದರು:

"ಬಾಯಮ್ಮ, ಒಂದು ಮಾತು ಕೇಳ್ತೇನೆ. ಬೇಜಾರು ಮಾಡ್ಬೇಡಿ, ಸತ್ಯ ಹೇಳ್ಬೇಕು. ಅವ್ರು ಅಲ್ಲಿ ಕುಡೀತಿದ್ರಾ?"

"ಇಲ್ಲ. ಒಂದು ತೊಟ್ಟೂ ಇಲ್ಲ," ಎಂದೆ.

"ಊರವ್ರು ಕುಡಿದು ಕೆಡಿಸಿಕೊಂಡದ್ದು ಅಂತಾರೆ. ಕೈ ಹಾಗೆ ಜೋತು ಬೀಳೋದು, ನಡುಗೋದು, ಎಲ್ಲ ಅದರದ್ದೇ ಅಂತೆ."

"ಆಸ್ಪತ್ರೆಯ ಕಾಗದ ಉಂಟಲ್ಲ ನಿಮ್ಮ ಹತ್ರ? ರಕ್ತದಲ್ಲಿ ಸೀಸ ಅಂತ ಬರೆದದ್ದು?"

"ಆ ಕಾಗದದಿಂದಲೇ ಈ ಮಾತು ಹುಟ್ಟಿದ್ದು ಬಾಯಮ್ಮ. ಗಾರ್ಡನರಿಗೆ ಸೀಸ ಎಲ್ಲಿಂದ ಬರ್ತದೆ ಅಂತ ಕೇಳ್ತಾರೆ. ವೀಸಾದಲ್ಲಿ ಗಾರ್ಡನರ್ ಅಂತಲ್ವಾ ಇರೋದು. ಕಳ್ಳಭಟ್ಟಿಯಲ್ಲಿ ಸೀಸ ಇರ್ತದಂತೆ. ನನ್ನ ಮೈದುನನೇ ಹೇಳಿದ, ಎಲ್ಲರ ಎದುರಿಗೆ, ಎಲೆ ಮುಂದೆ ಕೂತು."

ಅವರೇ ಮುಂದುವರಿಸಿದರು. "ನೀವು ಹೇಳಿದ್ರೆ ನಾನು ನಂಬ್ತೇನೆ. ನಾನು ಹೇಳಿದ್ರೆ ಊರು ನಂಬುದಿಲ್ಲ. ಅವ್ರು ಕೆಲಸಕ್ಕಿದ್ದ ಮನೆಯ ಧಣಿಗಳು ಒಂದು ಕಾಗದ ಬರ್ದು ಕೊಡ್ಲಿ. ಇವ್ರು ನನ್ನಲ್ಲಿ ಸೀಸದ ಕೆಲಸ ಮಾಡ್ತಿದ್ರು ಅಂತ. ಅಷ್ಟೇ. ಅದು ಬರುವವರೆಗೆ ಅವ್ರ ಹೆಸ್ರು ಎಲ್ಲಿಯೂ ಬರೀಬೇಡಿ."

ಆದ್ದರಿಂದ ಇಲ್ಲಿ ಹೆಸರಿಲ್ಲ. ಅವರು ಕೆಲಸಕ್ಕಿದ್ದ ಬಂಗಲೆಯಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ನಾನೂ ಅವರನ್ನು ಆಚಾರ್ರು ಎಂದೇ ಕರೆಯುತ್ತೇನೆ. ನಾನು ಉಡುಪಿಯ ಕಡೆಯ ಕ್ರೈಸ್ತ ಹೆಂಗಸಾದ್ದರಿಂದ ಅವರ ಬಾಯಲ್ಲಿ ಬಾಯಮ್ಮನಾದೆ. ಅವರ ಮನೆಯವರೂ ಹಾಗೆಯೇ ಕರೆಯುತ್ತಾರೆ. ಹಮದ್ ಬಂದರಿನ ಬಳಿ ಸರಕು ಸಾಗಿಸುವ ಕಂಪನಿಯೊಂದರಲ್ಲಿ ನಾನು ಸೇಫ್ಟಿ ಆಫೀಸರ್. ಕಾರ್ಮಿಕರ ಜೀವಕ್ಕೆ ಅಪಾಯವಾಗುವುದನ್ನು ಮೊದಲೇ ಗುರುತಿಸುವುದು ನನ್ನ ಉದ್ಯೋಗ ಎಂಬುದನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ಈ ಬರಹದಲ್ಲಿ ನಾನು ಎಣಿಸಲಿರುವ ತಪ್ಪುಗಳಲ್ಲಿ ನನ್ನವೂ ಇವೆ.

ಆಚಾರ್ರನ್ನು ಮೊದಲು ಕಂಡದ್ದು ಧಣಿಗಳ ಬಂಗಲೆಯಲ್ಲಿ. ಧಣಿಗಳೂ ನಮ್ಮ ಕರಾವಳಿಯವರೇ. ವ್ಯಾಪಾರದಿಂದ ಬೆಳೆದವರು, ಇಲ್ಲಿಯ ನಮ್ಮೂರವರ ಸಂಘದ ಯಾವ ಸಮಾರಂಭದಲ್ಲೂ ಮೊದಲ ಸಾಲಿನಲ್ಲಿ ಕೂರುವವರು. ನೂರೈವತ್ತು ವರ್ಷ ಹಿಂದಿನ ಕುದುರೆ ಸೈನ್ಯದ ರಿವಾಲ್ವರುಗಳನ್ನು ಸಂಗ್ರಹಿಸುವುದು ಅವರ ಹವ್ಯಾಸ. ಎಲ್ಲವೂ ಅನುಮತಿ ಪಡೆದವು, ಗುಂಡು ಹಾರದಂತೆ ಮಾಡಿದವು. ಒಂದು ಶುಕ್ರವಾರ ಸಂಘದ ಹತ್ತಿಪ್ಪತ್ತು ಜನರನ್ನು ಅವರು ಅದನ್ನು ನೋಡಲು ಕರೆದಿದ್ದರು.

ಒಂದೊಂದು ರಿವಾಲ್ವರೂ ತನ್ನದೇ ಓಕ್ ಮರದ ಪೆಟ್ಟಿಗೆಯಲ್ಲಿ, ಹಸಿರು ಬಟ್ಟೆಯ ಮೇಲೆ ಮಲಗಿತ್ತು. ಪಕ್ಕದ ಖಾನೆಗಳಲ್ಲಿ ಮದ್ದಿನ ಬುರುಡೆ, ಎರಕದ ಅಚ್ಚು, ಮತ್ತು ಬೆಳ್ಳಿಯಂತೆ ಹೊಳೆಯುವ ಹತ್ತಾರು ಸೀಸದ ಗುಂಡುಗಳು. ಧಣಿಗಳು ಒಂದನ್ನೆತ್ತಿ ಹಿಡಿಯ ಕೆಳಗಿನ ಉಂಗುರವನ್ನು ತೋರಿಸಿದರು. ಸವಾರನ ಒಂದು ಕೈಯಲ್ಲಿ ಲಗಾಮು ಇರುತ್ತದೆ. ಓಡುವ ಕುದುರೆಯ ಮೇಲೆ ಇನ್ನೊಂದು ಕೈ ಸೋತು ರಿವಾಲ್ವರು ಜಾರಿದರೆ ನೆಲಕ್ಕೆ ಬೀಳಬಾರದೆಂದು ಆ ಉಂಗುರಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರಂತೆ. ನಾವೆಲ್ಲ ಹೌದಲ್ಲವೇ ಎಂದು ತಲೆದೂಗಿದೆವು.

ಬಾಗಿಲ ಬಳಿ ಬಿಳಿಯ ಹತ್ತಿ ಕೈಗವಸು ತೊಟ್ಟು ನಿಂತಿದ್ದ ಐವತ್ತರ ಆಸುಪಾಸಿನ ಮನುಷ್ಯರೊಬ್ಬರು ನನ್ನ ಪಕ್ಕಕ್ಕೆ ಬಾಗಿ, ಧಣಿಗಳಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ಅರವತ್ತೆರಡು ಉಂಟು ನೋಡಿ. ಒಂದು ಕುದುರೆ ಇಲ್ಲ."

ನಾನು ನಕ್ಕೆ. ಅವರು ನಗಲಿಲ್ಲ, ಕೈಗವಸಿನ ಬೆರಳನ್ನು ತುಟಿಗಿಟ್ಟು ಮುಂದಿನ ಪೆಟ್ಟಿಗೆ ತೆರೆಯಲು ಹೋದರು. ಅವರನ್ನು ಯಾರೂ ನಮಗೆ ಪರಿಚಯಿಸಲಿಲ್ಲ. ಅದು ಮೊದಲನೆಯ ತಪ್ಪು, ಸಣ್ಣದೆಂದು ಭಾವಿಸಬೇಡಿ. ಅವರೇನು ಮಾಡುತ್ತಾರೆ ಎಂದು ಆ ದಿನ ನಮ್ಮಲ್ಲಿ ಒಬ್ಬರಾದರೂ ಕೇಳಿದ್ದರೆ, ಆ ಪ್ರಶ್ನೆ ವೈದ್ಯರೊಬ್ಬರ ಬಾಯಿಂದ ಬರುವವರೆಗೆ ಏಳು ವರ್ಷ ಕಾಯಬೇಕಾಗುತ್ತಿರಲಿಲ್ಲ.

ಎರಡನೆಯ ತಪ್ಪು ನನ್ನದು. ಕೈಗವಸನ್ನು ಕಂಡು ನನ್ನ ಮನಸ್ಸು ಸಮಾಧಾನಪಟ್ಟಿತು. ಬಂದರಿನಲ್ಲಿ ದಿನವೂ ನೂರಾರು ಕೈಗಳನ್ನು ನೋಡಿ ಗುರುತು ಹಾಕುವ ಅಭ್ಯಾಸ: ಕೈಗವಸು ಇದೆ, ಸರಿ. ಅವು ಅವರ ಕೈಯನ್ನು ಕಾಯಲು ಕೊಟ್ಟವಲ್ಲ, ಅವರ ಬೆವರಿನ ಉಪ್ಪಿನಿಂದ ಉಕ್ಕನ್ನು ಕಾಯಲು ಕೊಟ್ಟವು ಎಂಬುದು ಎಷ್ಟೋ ದಿನಗಳ ಮೇಲೆ ಅವರೇ ಹೇಳಿದಾಗ ತಿಳಿಯಿತು. ಅತಿಥಿಗಳೆದುರು ಮಾತ್ರ ತೊಡುವುದು. ಒಳಗೆ ಕೆಲಸ ಮಾಡುವಾಗ ಬರಿಗೈ. "ಕೈಗವಸು ಹಾಕಿದ್ರೆ ಲೋಹ ಎಂತ ಹೇಳ್ತದೆ ಅಂತ ಗೊತ್ತಾಗೋದಿಲ್ಲ ಬಾಯಮ್ಮ. ಅದು ಮಾತಾಡೋದು ಚರ್ಮದ ಹತ್ರ."

ನಾನು ಅಲ್ ವುಕೈರಿನಲ್ಲಿ ಮನೆ ಮಾಡಿದ್ದೆ. ಬಂಗಲೆ ಅಲ್ಲಿಂದ ದೂರವಿರಲಿಲ್ಲ. ರಜೆಯ ಶುಕ್ರವಾರ ಆಚಾರ್ರು ಒಮ್ಮೊಮ್ಮೆ ಬರುತ್ತಿದ್ದರು. ಬಂದವರು ಸುಮ್ಮನೆ ಕೂರುತ್ತಿರಲಿಲ್ಲ. ಕುಕ್ಕರಿನ ಹಿಡಿ, ಬಾಗಿಲ ತಿರುಗಣೆ, ನನ್ನ ಗಂಡನ ಕನ್ನಡಕದ ಕಡ್ಡಿ, ಏನಾದರೊಂದು ಅವರ ಕೈಗೆ ಸಿಕ್ಕಿಬಿಡುತ್ತಿತ್ತು. ಕೆಲಸ ಶುರುಮಾಡುವ ಮುನ್ನ ಆ ವಸ್ತುವನ್ನು ಒಮ್ಮೆ ಕಣ್ಣಿಗೊತ್ತಿಕೊಳ್ಳುವರು, ಅದು ಕುಕ್ಕರಿನ ಹಿಡಿಯಾದರೂ ಸರಿ. ನನ್ನ ಮಗಳು ಇಂಗ್ಲಿಷಿನಲ್ಲಿ ಏನೋ ಅಂದು ಕಿಸಕ್ಕೆಂದಾಗ ಗದರಿಸದೆ ಹೇಳಿದ್ದರು: "ನಗು ಮಗಾ. ನಾಳೆ ನಿನ್ನ ಕಂಪ್ಯೂಟರ್ ಕೆಟ್ಟಾಗ ನೀನೂ ಒತ್ತಿಕೊಳ್ತೀಯ."

ಅವರ ಮನೆತನ ಎರಕದ್ದು. ಅಜ್ಜ ದೇವಸ್ಥಾನಗಳಿಗೆ ಗಂಟೆ ಹೊಯ್ದವರು. ಅಪ್ಪನ ಕಾಲಕ್ಕೆ ಗಂಟೆಗಳು ಪೇಟೆಯಿಂದ ಬರತೊಡಗಿ, ಅವರು ಮಲ್ಪೆಯ ಮೀನುಗಾರರಿಗೆ ಬಲೆ ಮುಳುಗಿಸುವ ಸೀಸದ ಗುಂಡು ಹೊಯ್ದು ಸಂಸಾರ ಸಾಕಿದರು. ಸೀಸದಲ್ಲಿ ತವರ ಬೆರೆತಿದೆಯೇ ಇಲ್ಲವೇ ಎಂದು ತಿಳಿಯಲು ಅಪ್ಪ ಕಲಿಸಿದ ಉಪಾಯ ಒಂದೇ: ಕಚ್ಚಿ ನೋಡುವುದು. ಶುದ್ಧ ಸೀಸದ ಮೇಲೆ ಹಲ್ಲಿನ ಗುರುತು ಬೆಣ್ಣೆಯ ಮೇಲೆ ಮೂಡಿದಂತೆ ಮೂಡುತ್ತದೆ, ಕಲಬೆರಕೆಯಾದರೆ ಜಾರುತ್ತದೆ. ಒಂದು ಶುಕ್ರವಾರ ಜೇಬಿನಿಂದ ಸೀಸದ ತುಂಡೊಂದನ್ನು ತೆಗೆದು ನನ್ನ ಊಟದ ಮೇಜಿನೆದುರೇ ಕಚ್ಚಿ ತೋರಿಸಿದರು.

"ಧಣಿಗಳು ಮೆಷಿನ್ ತರಿಸಿದ್ರು, ಪರೀಕ್ಷೆ ಮಾಡ್ಲಿಕ್ಕೆ. ಮೆಷಿನ್ ಹೇಳಿದ್ದೂ ನನ್ನ ಹಲ್ಲು ಹೇಳಿದ್ದೂ ಒಂದೇ. ಮತ್ತೆ ಮೆಷಿನ್ ಆಫ್ ಮಾಡಿಟ್ರು."

ನಾವು ಚಪ್ಪಾಳೆ ತಟ್ಟಿದೆವು. ಅವರು ನಕ್ಕಾಗ ಒಸಡಿನ ಅಂಚಿನಲ್ಲಿ ಸೂಜಿಯಿಂದ ಗೀರಿದಂಥ ನೀಲಿ-ಕಪ್ಪು ಗೆರೆ ಕಂಡಿತು. ತಂಬಾಕಿನ ಕಲೆಯೆಂದುಕೊಂಡೆ. ಅವರು ತಂಬಾಕು ಹಾಕುವುದನ್ನು ನಾನು ಎಂದೂ ನೋಡಿರಲಿಲ್ಲ. ಆದರೂ ಹಾಗೆಂದುಕೊಂಡೆ, ಇದು ಮೂರನೆಯ ತಪ್ಪು. ದುಡಿಯುವವನ ಮೈಮೇಲಿನ ಗುರುತಿಗೆ ಅವನ ಚಟವನ್ನೇ ಮೊದಲ ಕಾರಣವಾಗಿ ಹುಡುಕುವ ಬುದ್ಧಿ ಊರಿನ ಮೈದುನನಿಗೆ ಮಾತ್ರ ಇರುವುದಲ್ಲ. ಓದಿಕೊಂಡ, ಸಭೆಗಳಲ್ಲಿ ಕಾರ್ಮಿಕರ ಪರ ಮಾತಾಡುವ ನನ್ನಲ್ಲೂ ಅದು ಇತ್ತು.

ವೀಸಾದ ವಿಷಯವನ್ನು ಅವರು ತಮಾಷೆಯಾಗಿ ಹೇಳುತ್ತಿದ್ದರು. ಸುಲಭವಾಗಿ ಸಿಕ್ಕಿದ್ದು ಮನೆಯ ತೋಟಗಾರನ ವೀಸಾ; ಧಣಿಗಳು ಅದರಲ್ಲೇ ಕರೆಸಿಕೊಂಡಿದ್ದರು. ಆ ಬಂಗಲೆಯ ಅಂಗಳದಲ್ಲಿ ಸಿಮೆಂಟು ಬಿಟ್ಟರೆ ಪ್ಲಾಸ್ಟಿಕ್ಕಿನ ಹುಲ್ಲು.

"ಕಾಗದದಲ್ಲಿ ನಾನು ಗಾರ್ಡನರ್ ಬಾಯಮ್ಮ. ಒಂದು ಗಿಡ ನೆಟ್ಟದ್ದಿಲ್ಲ."

"ಹಾಗಾದ್ರೆ ನೆಡಿ ಆಚಾರ್ರೇ."

ತಿಂಗಳ ಮೇಲೆ ಒಂದು ಕಟ್ಟು ಬಸಳೆ ಹಿಡಿದುಕೊಂಡು ಬಂದರು. ತಮ್ಮ ಕೋಣೆಯ ಹಿಂದೆ ಹಳೆಯ ಪೇಂಟ್ ಡಬ್ಬಿಯಲ್ಲಿ ಬೆಳೆಸಿದ್ದು. "ಕಾಗದ ಸುಳ್ಳಾಗಬಾರದಲ್ಲ," ಎಂದರು. ಅವರ ಹಾಸ್ಯದ ಕೆಳಗೆ ಸದಾ ಇಂಥದೊಂದು ಪ್ರಾಮಾಣಿಕತೆ ಇರುತ್ತಿತ್ತು. ಕಾಗದದ ಸುಳ್ಳು ಅವರದಲ್ಲ, ಆದರೂ ಅದನ್ನು ನಿಜ ಮಾಡುವ ಹೊಣೆ ತಮ್ಮದೆಂಬಂತೆ ನಡೆದುಕೊಂಡರು.

ಆಯುಧಪೂಜೆಯ ಪ್ರಸಂಗವನ್ನು ಇಲ್ಲಿಯೇ ಹೇಳಬೇಕು. ಆ ವರ್ಷ ಧಣಿಗಳು ಅರವತ್ತೆರಡೂ ರಿವಾಲ್ವರುಗಳನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿ, ಕುಂಕುಮ ಹಚ್ಚಿ ಫೋಟೋ ತೆಗೆಸಬೇಕೆಂದಿದ್ದರು. ಆಚಾರ್ರು ಜೋಡಿಸಿಕೊಟ್ಟರು, ಕುಂಕುಮ ಹಚ್ಚಲು ಮಾತ್ರ ಒಪ್ಪಲಿಲ್ಲ. ತಮ್ಮ ಅರ, ಇಕ್ಕಳ, ಮೂಸೆ, ಸಣ್ಣ ಸುತ್ತಿಗೆ, ಇವನ್ನು ಪಕ್ಕದಲ್ಲಿ ಒಂದು ಬಟ್ಟೆಯ ಮೇಲಿಟ್ಟು ಅವಕ್ಕೆ ಹಚ್ಚಿದರು.

ಧಣಿಗಳು ಕೇಳಿದರಂತೆ: "ಎಂತ ಆಚಾರ್ರೇ, ಆಯುಧ ಇದಲ್ವಾ?"

"ಅಲ್ಲ ಧಣಿ. ಕೆಲಸ ಮಾಡೋದು ಆಯುಧ. ಅದು ಈಗ ಕೆಲಸ ಮಾಡೋದಿಲ್ಲ. ಮಾಡುವಾಗ ಮಾಡಿದ ಕೆಲಸವೂ ಒಳ್ಳೇದಲ್ಲ."

ಧಣಿಗಳು ಜೋರಾಗಿ ನಕ್ಕು, ಈ ಮಾತನ್ನು ಎಷ್ಟೋ ಕಡೆ ಕಥೆಯಾಗಿ ಹೇಳಿದ್ದಾರೆ. ಆ ಕಥೆಯಲ್ಲಿ ಮಾತು ಹೇಳಿದವರ ಹೆಸರು ಬರುವುದಿಲ್ಲ. 'ನಮ್ಮ ಒಬ್ಬ ಕೆಲಸದವ' ಎಂದು ಬರುತ್ತದೆ.

ಅವರು ಕೂರುವ ಕೋಣೆಯನ್ನು ನಾನು ಒಮ್ಮೆ ಮಾತ್ರ ಒಳಹೊಕ್ಕು ನೋಡಿದೆ. ಮರಳ ಧೂಳು, ಕಡಲ ತೇವ ಎರಡೂ ಮರಕ್ಕೆ ಆಗದೆಂದು ಕಿಟಕಿಗೆ ಹಲಗೆ ಹೊಡೆದು ಅಂಚುಗಳನ್ನು ಅಂಟಿನಿಂದ ಮುಚ್ಚಿದ್ದರು. ಏಸಿ ಅದೇ ಗಾಳಿಯನ್ನು ತಿರುಗಿಸಿ ತಿರುಗಿಸಿ ಕೊಡುತ್ತಿತ್ತು. ಮೂಲೆಯಲ್ಲಿ ವಿದ್ಯುತ್ ಒಲೆ, ಅದರ ಮೇಲೆ ಸೀಸ ಕರಗಿಸುವ ಮೂಸೆ, ಪಕ್ಕದಲ್ಲಿ ಅವರ ಊಟದ ಡಬ್ಬಿ. ಮೇಜಿನ ಮೇಲೆ ತೆರೆದಿಟ್ಟ ಪೆಟ್ಟಿಗೆಯ ಖಾನೆಯಲ್ಲಿ ಗುಂಡುಗಳ ಮೇಲೆ ಹಿಟ್ಟಿನಂಥ ಬಿಳಿಯ ಪುಡಿ ಕುಳಿತಿತ್ತು.

"ಇದೆಂತ ಆಚಾರ್ರೇ?"

"ಬೂಷ್ಟು. ಸೀಸಕ್ಕೂ ಬೂಷ್ಟು ಹಿಡೀತದೆ ಬಾಯಮ್ಮ, ಈ ಓಕ್ ಪೆಟ್ಟಿಗೆಯೊಳಗೆ. ಬೇರೆ ಮರದಲ್ಲಿ ಇಷ್ಟಿಲ್ಲ. ಎರಡು ತಿಂಗಳಿಗೆ ಬೆಳ್ಳಗಾಗ್ತದೆ. ಧಣಿಗಳಿಗೆ ಗೆಸ್ಟ್ ಬರುವಾಗ ಹೊಳೀಬೇಕು. ಹಾಗೆ ಇದನ್ನು ತೆಗೆಯೋದು, ಕರಗಿಸೋದು, ಪುನಃ ಹೊಯ್ಯೋದು."

ಹೇಳುತ್ತಲೇ ಖಾನೆಯನ್ನು ಮುಖದ ಬಳಿ ತಂದು ಫೂ ಎಂದು ಊದಿದರು. ಪುಡಿ ದೀಪದ ಬೆಳಕಿನಲ್ಲಿ ಎದ್ದು, ನಿಧಾನವಾಗಿ ಅವರ ಮೀಸೆಯ ಮೇಲೆ, ಅಂಗಿಯ ಮೇಲೆ, ಊಟದ ಡಬ್ಬಿಯ ಮೇಲೆ ಇಳಿಯಿತು. ಉಪ್ಪಿನಕಾಯಿಗೆ ಬೂಷ್ಟು ಹಿಡಿದರೆ ಮೇಲಿನದನ್ನು ತೆಗೆದು ಹಾಕಿ ಕೆಳಗಿನದನ್ನು ಬಳಸುವ ಮನೆಯಲ್ಲಿ ಹುಟ್ಟಿದವರು ನಾವಿಬ್ಬರೂ. ಅವರಿಗೆ ಅದು ಬೂಷ್ಟು, ನನಗೂ ಬೂಷ್ಟು. ಅದು ಸೀಸವೇ ಪುಡಿಯಾಗಿ ಎದ್ದದ್ದು, ಉಸಿರಿನಲ್ಲಿ ಒಳಗಿಳಿದು ಎಲುಬಿನಲ್ಲಿ ಕೂರುವ ವಿಷ ಎಂದು ತಿಳಿಯಬೇಕಾದವಳು ನಾನಾಗಿದ್ದೆ. ಕಿಟಕಿ ಯಾಕೆ ಮುಚ್ಚಿದ್ದು ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಹೊರಗೆ ಬಂದೆ. ಮರ ಹಾಳಾಗುತ್ತದೆ ಎಂಬ ಉತ್ತರ ನನಗೆ ಆ ದಿನ ಸಾಕಾಯಿತು.

ಹೊಟ್ಟೆನೋವು ಶುರುವಾದದ್ದು ಅದಕ್ಕೂ ಮೊದಲೇ ಇರಬೇಕು. ಹಿಂಡಿದಂಥ ನೋವು ಬರುತ್ತದೆ, ನಾಲ್ಕೈದು ದಿನ ಹೊಟ್ಟೆ ಹೋಗುವುದಿಲ್ಲ, ಬಾಯೆಲ್ಲ ತಾಮ್ರದ ಬಿಂದಿಗೆ ನೆಕ್ಕಿದ ಹಾಗೆ ಎನ್ನುತ್ತಿದ್ದರು. ಜೀರಿಗೆ ಕಷಾಯ ಮಾಡಿಕೊಂಡು ಕುಡಿದರು. ಧಣಿಗಳು ಕಳುಹಿಸಿದ ಕ್ಲಿನಿಕ್ಕಿನಲ್ಲಿ ಗ್ಯಾಸಿನ ಮಾತ್ರೆ ಕೊಟ್ಟರು. ಅಲ್ಲಿ ಕಾರ್ಡು ನೋಡಿ ಬರೆದುಕೊಂಡ ಉದ್ಯೋಗ: ತೋಟಗಾರ. ಬಿಸಿಲಿನಲ್ಲಿ ಕೆಲಸ ಮಾಡುವಾಗ ನೀರು ಹೆಚ್ಚು ಕುಡಿಯಬೇಕೆಂದು ಸಲಹೆಯನ್ನೂ ಕೊಟ್ಟರು. ಹನ್ನೊಂದು ವರ್ಷದಲ್ಲಿ ಹಗಲಿನ ಬಿಸಿಲನ್ನು ವಾರಕ್ಕೊಮ್ಮೆ ಕಂಡ ಮನುಷ್ಯನಿಗೆ!

ಕೈ ಬಿದ್ದದ್ದು ನನ್ನ ಕಣ್ಣೆದುರಿಗೆ. ಮತ್ತೊಂದು ಶುಕ್ರವಾರ, ಮತ್ತೊಂದು ಅತಿಥಿಗಳ ಗುಂಪು. ಊರಿನಿಂದ ಬಂದ ಗಣ್ಯರೊಬ್ಬರಿಗಾಗಿ ಪ್ರದರ್ಶನ. ಆಚಾರ್ರು ಬಿಳಿಯ ಕೈಗವಸು ತೊಟ್ಟು, ಉದ್ದ ನಳಿಗೆಯ ರಿವಾಲ್ವರೊಂದನ್ನು ಎರಡು ಅಂಗೈಗಳ ಮೇಲೆ ಹರಿವಾಣದಂತೆ ಹಿಡಿದು ತಂದರು. ಧಣಿಗಳು ಕೈ ಚಾಚಿದರು. ಆಚಾರ್ರು ಬಲಗೈಯಿಂದ ಎತ್ತಿಕೊಡಲು ಹೋದಾಗ ಮಣಿಕಟ್ಟು ದಾರ ತುಂಡಾದ ಗೊಂಬೆಯ ಕೈಯಂತೆ ಕೆಳಗೆ ಮಡಚಿತು. ರಿವಾಲ್ವರು ನೆಲಹಾಸಿನ ಮೇಲೆ ಬಿತ್ತು.

"ಹಿಡಿಗೆ ಎಂತ ಆಯ್ತು? ನೋಡು, ಹಿಡಿ ಸೀಳಿತಾ ನೋಡು!" ಧಣಿಗಳು ಮೊಣಕಾಲೂರಿ ಕೂತು ಅದನ್ನೆತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಸೀಳಿರಲಿಲ್ಲ. ಆಮೇಲೆ ತಲೆಯೆತ್ತಿ, "ಹೋಗಿ ಆಚಾರ್ರೇ, ಇವತ್ತಿಗೆ ಖಲಾಸ್, ರೆಸ್ಟ್ ಮಾಡಿ," ಎಂದರು.

ಆಚಾರ್ರು ಹೋಗಲಿಲ್ಲ. ತಮ್ಮ ಬಲಗೈಯನ್ನು ನೋಡುತ್ತ ನಿಂತರು. ಬೆರಳುಗಳನ್ನು ಎತ್ತಲು ಪ್ರಯತ್ನಿಸುತ್ತಿದ್ದರು, ಅವು ಏಳುತ್ತಿರಲಿಲ್ಲ. ಗಣ್ಯರು ಮುಂದಿನ ಪೆಟ್ಟಿಗೆಗೆ ಸರಿದರು. ಕೆಳಗೆ ಬೀಳಬಾರದೆಂದು ಆ ರಿವಾಲ್ವರಿಗೆ ಒಂದೂವರೆ ಶತಮಾನದ ಹಿಂದೆಯೇ ಉಂಗುರವಿಟ್ಟು, ದಾರದ ಏರ್ಪಾಟು ಮಾಡಿದ್ದರು. ಅದನ್ನು ಹಿಡಿದ ಕೈಗೆ ಇಂದಿಗೂ ಯಾರೂ ಅಂಥ ಏರ್ಪಾಟು ಮಾಡಿಲ್ಲ.

ಮರುದಿನ ನಾನೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮಲಯಾಳಿ ವೈದ್ಯೆಯೊಬ್ಬರು ಜೋತ ಕೈಯನ್ನು ಎತ್ತಿ, ಬಿಟ್ಟು, ಮತ್ತೆ ಎತ್ತಿದರು. ಹಿಂದಿಯಲ್ಲಿ ಕೇಳಿದರು: "ಏನು ಕೆಲಸ ಮಾಡ್ತೀರಿ?"

"ಗಾರ್ಡನರ್," ಎಂದರು ಆಚಾರ್ರು, ಕಾರ್ಡು ಮುಂದೆ ಮಾಡಿ.

"ಕಾರ್ಡು ನಾನು ಓದಿದ್ದೇನೆ. ಕೈಯಿಂದ ಏನು ಮಾಡ್ತೀರಿ?"

ಆಚಾರ್ರು ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ. ಆಗ ಹೇಳಿದರು. ಬೂಷ್ಟು, ಊದುವುದು, ಕರಗಿಸುವುದು, ಕಚ್ಚುವುದು, ಎಲ್ಲವನ್ನೂ, ತಮ್ಮ ಕಸುಬಿನ ಬಗ್ಗೆ ಯಾರೋ ಕೊನೆಗೂ ಕೇಳಿದರೆಂಬ ಸಂತೋಷದಲ್ಲಿ. ವೈದ್ಯೆ ಅವರ ತುಟಿ ಸರಿಸಿ ಒಸಡು ನೋಡಿದರು. ಆ ನೀಲಿ ಗೆರೆಯ ಮೇಲೆ ಬೆರಳಿಟ್ಟು ನನ್ನನ್ನು ಕರೆದು ತೋರಿಸಿದರು. ನಾನು ಅದನ್ನು ಮೊದಲೇ ನೋಡಿದ್ದೆ ಎಂದು ಅವರಿಗೆ ಹೇಳಲು ನನಗೆ ಧೈರ್ಯವಾಗಲಿಲ್ಲ.

ರಕ್ತದ ವರದಿ ಬಂತು. ಸೀಸವನ್ನು ಹೊರಗೆಳೆಯುವ ಔಷಧ ಶುರುವಾಯಿತು. ಮೂತ್ರಪಿಂಡ ಆಗಲೇ ಅರ್ಧ ಸೋತಿತ್ತು. "ಆ ಕೋಣೆಗೆ ಮತ್ತೆ ಹೋಗಬಾರದು, ಯಾರೂ ಹೋಗಬಾರದು," ಎಂದು ವೈದ್ಯೆ ಎರಡು ಸಲ ಹೇಳಿದರು.

ನಾನು ವರದಿಯ ಪ್ರತಿ ಹಿಡಿದು ಧಣಿಗಳ ಕಚೇರಿಗೆ ಹೋದೆ. ಅವರು ಚಹಾ ತರಿಸಿದರು. ಕಾಗದವನ್ನು ಕೊನೆಯವರೆಗೆ ಓದಿದರು. ಒರಟು ಮಾತು ಒಂದೂ ಆಡಲಿಲ್ಲ, ಅದನ್ನು ನಾನು ದಾಖಲಿಸಬೇಕು.

"ನೀವು ಸೇಫ್ಟಿಯವರು ಮೇಡಂ. ನಿಮ್ಗೆ ಎಲ್ಲ ಕಡೆ ಆಕ್ಸಿಡೆಂಟೇ ಕಾಣ್ತದೆ. ಅವ್ರ ಅಪ್ಪನೂ ಸೀಸದ ಕೆಲಸ ಮಾಡಿದವ್ರು. ಊರಿಂದಲೇ ತಂದದ್ದಿರ್ಬಹುದು."

"ಆ ಕೋಣೆಯ ಕಿಟಕಿ..."

"ಕಿಟಕಿ ತೆಗೆದ್ರೆ ಅರವತ್ತೆರಡು ಪೆಟ್ಟಿಗೆ ಹಾಳಾಗ್ತದೆ. ನಿಮ್ಗೆ ಗೊತ್ತಿಲ್ಲ ಅದರ ಬೆಲೆ."

"ನಿಮ್ಮಲ್ಲಿ ಸೀಸ ಕರಗಿಸ್ತಿದ್ರು ಅಂತ ಒಂದು ಕಾಗದ ಕೊಡಿ. ಚಿಕಿತ್ಸೆಗೆ ಬೇಕು."

ಅವರು ಚಹಾದ ಲೋಟವನ್ನು ಕೆಳಗಿಟ್ಟರು. "ಅದು ಹೇಗೆ ಆಗ್ತದೆ? ಅವ್ರು ಗಾರ್ಡನರ್ ಅಲ್ವಾ?"

ಹತ್ತು ದಿನದಲ್ಲಿ ಆಚಾರ್ರನ್ನು ರಜೆಯ ಮೇಲೆ ಊರಿಗೆ ಕಳಿಸಿದರು. ತಿರುಗಿ ಬರಲು ವೀಸಾ ಇರಲಿಲ್ಲ. ನಾನು ದೂರು ಕೊಡುತ್ತೇನೆಂದಾಗ ಬೇಡವೆಂದವರು ಆಚಾರ್ರೇ: "ಅವ್ರ ಉಪ್ಪು ತಿಂದಿದ್ದೇನೆ ಬಾಯಮ್ಮ." ಅವರು ತಿಂದದ್ದು ಉಪ್ಪು ಮಾತ್ರವಲ್ಲ ಎಂದು ಹೇಳಬೇಕಿತ್ತು. ಅವರ ಮರ್ಯಾದೆಗೆ ಮಣಿದು ಸುಮ್ಮನಾದೆ. ನನ್ನ ತಪ್ಪುಗಳಲ್ಲಿ ನಾನು ಅತ್ಯಂತ ದೊಡ್ಡದೆಂದು ಎಣಿಸುವುದು ಇದನ್ನು. ಉಪಕಾರ ಸ್ಮರಣೆ ದುಡಿಯುವವರ ಗುಣ. ಅದನ್ನು ಮುಂದಿಟ್ಟುಕೊಂಡು ನ್ಯಾಯ ಕೇಳದಿರುವುದು ನಮ್ಮಂಥವರ ಸೋಮಾರಿತನ.

ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವಾಗ ಅವರು ನಮಸ್ಕಾರ ಮಾಡಲು ಹೋದರು. ಬಲಗೈ ಏಳಲಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದೆತ್ತಿ ಎದೆಯ ಬಳಿ ತಂದು, ಆಮೇಲೆ ಎಡ ಅಂಗೈಯನ್ನು ಅದಕ್ಕೆ ಜೋಡಿಸಿದರು. ಜೋಡಿಸುವಷ್ಟರಲ್ಲಿ ಬಲಗೈ ಜಾರಿತು. ಮತ್ತೆ ಎತ್ತಿದರು. "ಬಸಳೆಗೆ ನೀರು ಹಾಕ್ಲಿಕ್ಕೆ ಅಡುಗೆಯವ್ರಿಗೆ ಹೇಳಿದ್ದೇನೆ," ಎಂದರು. ನಾನು ಅವರನ್ನು ಕೊನೆಯ ಬಾರಿ ನೋಡಿದ್ದು ಹಾಗೆ.

ಅವರು ಊರಿನಲ್ಲಿ ಡಯಾಲಿಸಿಸ್ಸಿನ ಮೇಲಿದ್ದಾಗ ಇಲ್ಲಿ ದೋಹಾದ ಅಲ್ ಸದ್ದ್ ಬಡಾವಣೆಯ ಸಭಾಂಗಣವೊಂದರಲ್ಲಿ ಧಣಿಗಳ ಸಂಗ್ರಹದ ಚಿತ್ರಪುಸ್ತಕ ಬಿಡುಗಡೆಯಾಯಿತು. ನುಣುಪಾದ ದಪ್ಪ ಹಾಳೆಗಳು. ಮುಖಪುಟದಲ್ಲಿ ಒಂದು ರಿವಾಲ್ವರು. ಅದನ್ನು ಹಿಡಿದ, ಬಿಳಿಯ ಕೈಗವಸು ತೊಟ್ಟ ಎರಡು ಕೈಗಳು. ಚಿತ್ರವನ್ನು ಮಣಿಕಟ್ಟಿನ ಬಳಿ ಕತ್ತರಿಸಿದ್ದರು. ಬಲ ಕಿರುಬೆರಳು ಆಚಾರ್ರ ಬೆರಳಿನಂತೆಯೇ ಸ್ವಲ್ಪ ಒಳಗೆ ಬಾಗಿದ್ದನ್ನು ಕಂಡು ನನಗೆ ಅವು ಯಾರ ಕೈಗಳೆಂದು ತಿಳಿಯಿತು. ಒಳಗೆ ಕೃತಜ್ಞತೆಯ ಪುಟದಲ್ಲಿ ಛಾಯಾಗ್ರಾಹಕರಿದ್ದರು, ಬಡಗಿಯಿದ್ದರು, ಧಣಿಗಳ ತಾಳ್ಮೆಯ ಕುಟುಂಬವಿತ್ತು.

ನಾನು ಎದ್ದು ನಿಂತು ಕೇಳಿದೆ: "ಮುಖಪುಟದ ಕೈ ಯಾರದು?"

ನಿರೂಪಕರು ಮೈಕನ್ನು ಬಾಯಿಗೆ ಹತ್ತಿರ ತಂದರು. "ಅಕ್ಕ, ಇವತ್ತು ಪ್ರಶ್ನೋತ್ತರ ಇಟ್ಟಿಲ್ಲ. ಯಲ್ಲಾ, ಬನ್ನಿ ಬನ್ನಿ, ಊಟ ರೆಡಿ ಉಂಟು, ನೀರ್ದೋಸೆ ತಣಿದು ಹೋಗ್ತದೆ." ಜನ ನಕ್ಕರು. ನಾನು ಕುಳಿತೆ.

ಸಭಾಂಗಣದ ಹೊರಗೆ ಪೆಟ್ಟಿಗೆಗಳನ್ನು ಕಾಯುತ್ತ ಇಬ್ಬರು ನಿಂತಿದ್ದರು. ಕೈಯಲ್ಲಿ ಅದೇ ಬಿಳಿಯ ಕೈಗವಸು. ಆಚಾರ್ರ ಕೋಣೆಯಲ್ಲಿ ಈಗ ಕೂರುವವರು ಇವರೇ. ಒಬ್ಬರು ಕುಂದಾಪುರದ ಕಡೆಯವರು, ವೀಸಾದಲ್ಲಿ ಡ್ರೈವರು. ಇನ್ನೊಬ್ಬರು ನೇಪಾಳದವರು, ವೀಸಾದಲ್ಲಿ ಅಡುಗೆಯವರು. ಕುಂದಾಪುರದವರನ್ನು ಕೇಳಿದೆ, ಗುಂಡುಗಳ ಮೇಲಿನ ಬಿಳಿ ಪುಡಿಯನ್ನು ಹೇಗೆ ತೆಗೆಯುತ್ತೀರಿ ಎಂದು. ಅವರು ಕೆನ್ನೆಯುಬ್ಬಿಸಿ, ಗಾಳಿಯಲ್ಲಿ ಫೂ ಎಂದು ತೋರಿಸಿದರು. ಅದು ಏನೆಂದು ನಾನು ಇಬ್ಬರಿಗೂ ವಿವರವಾಗಿ ಹೇಳಿದೆ. ಮಾರನೆಯ ದಿನವೇ ಒಳ್ಳೆಯ ಮುಖಗವಸು ತಲುಪಿಸಿದೆ. "ಧಣಿಗಳಿಗೆ ಹೇಳ್ಬೇಡಿ ಅಕ್ಕ," ಎಂದರು ಕುಂದಾಪುರದವರು. ಹೇಳಲಿಲ್ಲ. ಅದೂ ತಪ್ಪೇ. ಈಗ ಹೇಳುತ್ತಿದ್ದೇನೆ, ಎಲ್ಲರೂ ಓದುವಂತೆ.

ಧಣಿಗಳೇ, ಈ ಪತ್ರಿಕೆ ನಿಮ್ಮ ಮನೆಗೆ ಬರುತ್ತದೆ, ನೀವು ಓದುತ್ತೀರಿ. ನಿಮ್ಮನ್ನು ಸಂಘದ ಸಾಲಿನಿಂದ ಎಬ್ಬಿಸಿ ಎಂದು ನಾನು ಕೇಳುತ್ತಿಲ್ಲ. ಆ ಇಬ್ಬರನ್ನು ಈ ವಾರವೇ ಕೋಣೆಯಿಂದ ಹೊರಗೆ ಕರೆಯಿರಿ. ಅವರ ರಕ್ತದಲ್ಲಿ ಸೀಸ ಎಷ್ಟಿದೆ ಎಂಬ ಪರೀಕ್ಷೆ ಮಾಡಿಸಿ, ವರದಿಯನ್ನು ನಿಮ್ಮ ಮೇಜಿನೊಳಗಲ್ಲ, ಅವರ ಕೈಗೆ, ಅವರು ಓದಬಲ್ಲ ಭಾಷೆಯಲ್ಲಿ ಕೊಡಿ. ಸಂಘದ ಪದಾಧಿಕಾರಿಗಳೇ, ಪರೀಕ್ಷೆ ಆಯಿತೇ ಎಂದು ಕೇಳುವ ಕೆಲಸ ನಿಮ್ಮದು. ನೀರ್ದೋಸೆ ಆಮೇಲೆ ತಿನ್ನೋಣ. ಗುಂಡುಗಳು ಬೆಳ್ಳಗಾಗಲಿ, ಬಿಡಿ. ಅತಿಥಿಗಳು ಅವನ್ನು ಗಾಜಿನಾಚೆಯಿಂದ ಬೆಳ್ಳಗೆಯೇ ನೋಡಲಿ.

ಮತ್ತು ಆ ಕಾಗದ. ಕಾರ್ಕಳದ ಕಡೆ ಒಬ್ಬ ಹೆಂಗಸು ಅದಕ್ಕಾಗಿ ಕಾಯುತ್ತಿದ್ದಾರೆ. ಗಂಡನ ಹೆಸರನ್ನು ಗಟ್ಟಿಯಾಗಿ ಹೇಳಲು ಅವರಿಗೆ ಅದೊಂದೇ ಬೇಕು. ಬರೆಯಲು ನಿಮಗೆ ಕಷ್ಟವಾಗದಿರಲೆಂದು ವಾಕ್ಯಗಳನ್ನು ನಾನೇ ಇಲ್ಲಿ ಬರೆದಿದ್ದೇನೆ, 'ಇವರು' ಎಂದಿರುವಲ್ಲಿ ಹೆಸರನ್ನು ಮಾತ್ರ ನೀವು ತುಂಬಬೇಕು: "ಇವರು ನನ್ನ ಮನೆಯ ಕಿಟಕಿ ಮುಚ್ಚಿದ ಕೋಣೆಯಲ್ಲಿ, ನನ್ನ ಸಂಗ್ರಹಕ್ಕಾಗಿ, ಹನ್ನೊಂದು ವರ್ಷ ಸೀಸ ಕರಗಿಸಿದರು. ಇವರು ತೋಟಗಾರರಾಗಿರಲಿಲ್ಲ." ಕೆಳಗೆ ನಿಮ್ಮ ಸಹಿ ಹಾಕಿ, ನಿಮ್ಮ ಕೈಯಿಂದ.